ಮೊದಲ ನೀರು ಯಾರ ಗದ್ದೆಗೆ

"ಗುರುಗಳೇ, ಎಲ್ಲಕ್ಕಿಂತ ಒಳ್ಳೆಯ ಆಳ್ವಿಕೆ ಯಾವ ದೇಶದಲ್ಲಿದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಮರದ ನೆರಳಿನಲ್ಲಿ ಕುಳಿತು ಹರಿದ ಚಾಪೆಯನ್ನು ಹೊಲಿಯುತ್ತಿದ್ದರು. ತಲೆಯೆತ್ತಲಿಲ್ಲ. "ಯಾಕಪ್ಪ, ಅಲ್ಲಿಗೆ ಹೋಗುವವನಿದ್ದೀಯಾ?" ಎಂದರು.

ಹೋಗುವವನೇ ಇದ್ದ. ಬಟ್ಟೆಬರೆಯ ಗಂಟನ್ನು ಗುರುಗಳಿಗೆ ಕಾಣದಂತೆ ಬೆನ್ನ ಹಿಂದೆ ಹಿಡಿದುಕೊಂಡಿದ್ದ. ಗಂಟು ಅವನಿಗಿಂತ ಅಗಲವಾಗಿತ್ತು.

ಆ ದಿನ ಬೆಳಿಗ್ಗೆ ಆಶ್ರಮದಲ್ಲಿ ಅಡುಗೆಮನೆಯ ಪಾರುಪತ್ಯಕ್ಕೆ ಆಯ್ಕೆ ನಡೆದಿತ್ತು. ಇಬ್ಬರು ನಿಂತಿದ್ದರು. ಒಬ್ಬನದು ಹುಣಸೆ ಬೀಜ, ಇನ್ನೊಬ್ಬನದು ಅವರೆ ಬೀಜ. ನಲವತ್ತೊಂದು ಮಂದಿ ಒಬ್ಬೊಬ್ಬರಾಗಿ ಬಂದು ಗಡಿಗೆಯೊಳಗೆ ತಮಗೆ ಬೇಕಾದ ಬೀಜ ಹಾಕಿದರು. ಗಡಿಗೆ ಬೋರಲು ಹಾಕಿದಾಗ ಅವರೆ ಇಪ್ಪತ್ತೆರಡು, ಹುಣಸೆ ಹತ್ತೊಂಬತ್ತು. ಈ ಶಿಷ್ಯನದು ಹುಣಸೆ. ಐದು ವರ್ಷ ಹೊಗೆ ಕುಡಿದು ಒಲೆ ಊದಿದವನು ತಾನು. ಸೌಟು ಯಾವ ಮೊಳೆಗೆ ನೇತುಹಾಕಿದೆ ಎಂದು ತಿಳಿಯದವನು ಗೆದ್ದ. ಇಂಥ ಜಾಗದಲ್ಲಿ ಇರುವುದಾದರೂ ಯಾಕೆ ಎಂದು ಗಂಟು ಕಟ್ಟಿದ್ದ.

"ಒಂದು ದೇಶದಲ್ಲಿ ಅರಸನಂತೆ, ಒಂದು ದೇಶದಲ್ಲಿ ಸಭೆಯಂತೆ, ಇನ್ನೊಂದರಲ್ಲಿ ಮತವಂತೆ. ಯಾವುದು ಮೇಲು ಅಂತ ಹೇಳಿಬಿಡಿ ಸಾಕು. ಈ ಬೀಜ ಹಾಕುವ ಪದ್ಧತಿ ಮಾತ್ರ ಚೆನ್ನಾಗಿಲ್ಲ" ಎಂದ ಶಿಷ್ಯ.

"ಇಪ್ಪತ್ತೆರಡು ಹುಣಸೆ ಬಿದ್ದಿದ್ದರೆ ಚೆನ್ನಾಗಿರುತ್ತಿತ್ತೋ?"

ಶಿಷ್ಯ ಗಂಟನ್ನು ಇನ್ನೊಂದು ಕೈಗೆ ಬದಲಿಸಿದ.

"ಕೂತುಕೋ. ಆ ಗಂಟಿನ ಮೇಲೆಯೇ ಕೂತುಕೋ, ಮೆತ್ತಗಿರುತ್ತೆ" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರು. ಊರಿಗೊಂದು ಕೆರೆ. ಕೆರೆಗೊಂದು ತೂಬು. ತೂಬು ಎತ್ತಿದರೆ ನೀರು ಕಾಲುವೆಗಿಳಿದು ಗದ್ದೆಯಿಂದ ಗದ್ದೆಗೆ ಹೋಗುತ್ತದೆ. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ಎಂದು ನೋಡಿ ನೀರು ತಿರುಗಿಸುವವನು ನೀರುಗಂಟಿ. ಮುತ್ತಜ್ಜನ ಕಾಲದಿಂದ ಒಂದೇ ಮನೆಯವರು ಆ ಕೆಲಸ ಮಾಡಿಕೊಂಡು ಬಂದಿದ್ದರು. ಆ ಮನೆಯ ಕೊನೆಯ ಮುದುಕ ತೀರಿಕೊಂಡ. ಮಕ್ಕಳಿರಲಿಲ್ಲ.

ಊರಿಗೆ ಎರಡು ಕೇರಿ. ನೀರುಗಂಟಿ ನಮ್ಮವನೇ ಆಗಬೇಕು ಎಂದು ಮೇಲಿನ ಕೇರಿಯ ಯಜಮಾನ ಹೇಳಿದ. ನೀರುಗಂಟಿ ನಮ್ಮವನೇ ಆಗಬೇಕು ಎಂದು ಕೆಳಗಿನ ಕೇರಿಯ ಯಜಮಾನನೂ ಹೇಳಿದ. ಅವರಿಬ್ಬರ ಮಾತು ಒಂದೇ ಆದದ್ದು ಅದೊಂದು ಸಲ ಮಾತ್ರ.

ಮೊದಲ ವರ್ಷ ಮೇಲಿನ ಕೇರಿಯವರು ತೂಬಿನ ಮೇಲೆ ಕೂತರು. ಕೆಳಗಿನ ಕೇರಿಯ ಪೈರು ಹುಲ್ಲಾಯಿತು. ಮರುವರ್ಷ ಕೆಳಗಿನ ಕೇರಿಯವರು ಕೂತರು. ಮೇಲಿನ ಕೇರಿಯದು ಹುಲ್ಲಾಯಿತು. ಮೂರನೆಯ ವರ್ಷ ಇಬ್ಬರೂ ದೊಣ್ಣೆ ಹಿಡಿದು ಒಟ್ಟಿಗೆ ಬಂದರು. ಆ ಗಲಾಟೆಯಲ್ಲಿ ತೂಬಿನ ಬಾಗಿಲೇ ಮುರಿದು, ನೀರೆಲ್ಲ ಹಳ್ಳಕ್ಕೆ ಹೋಯಿತು. ಆ ವರ್ಷ ದನಗಳಿಗೆ ಮಾತ್ರ ಹಬ್ಬ. ಎರಡು ಕೇರಿಯ ಹುಲ್ಲೂ ಅವುಗಳದ್ದೇ.

ಆಗ ಊರಿನ ಹಿರಿಯರು ತೂಬಿಗೆ ಹೊಸ ಬಾಗಿಲು ಹಾಕಿಸಿ ಒಂದು ಮಾತಿಗೆ ಬಂದರು. ಯಾರಾದರೊಬ್ಬರು ಹೋಗಿ ನಾಲ್ಕು ನಾಡು ನೋಡಿ ಬರಲಿ. ಎಲ್ಲಿಯ ಆಳ್ವಿಕೆ ಮೇಲೋ ಅದನ್ನು ಬಿತ್ತನೆ ಬೀಜ ತರುವಂತೆ ತರಲಿ. ಅದರಂತೆ ನೀರುಗಂಟಿಯನ್ನು ಮಾಡೋಣ.

ಕಳಿಸುವುದು ಯಾರನ್ನು? ಬುದ್ಧಿವಂತರನ್ನೆಲ್ಲ ಒಂದಲ್ಲ ಒಂದು ಕೇರಿ ಬೇಡವೆಂದಿತು. ಕೊನೆಗೆ ಉಳಿದವನು ಒಬ್ಬ ರೈತ. ಅವನಿಗೆ ತನ್ನ ಹೆಸರು ಬರೆಯಲು ಬರುತ್ತಿತ್ತು, ಅದೂ ತಾಳ್ಮೆಯಿದ್ದ ದಿನ. ಊರಿಗೆಲ್ಲ ತಲೆಹರಟೆ. ಒಮ್ಮೆ ಇಬ್ಬರು ಯಜಮಾನರಿಗೂ ಬೇರೆಬೇರೆಯಾಗಿ, "ಅವರು ತಪ್ಪಾಯಿತು ಅನ್ನೋಕೆ ಕೆರೆ ಏರಿಯ ಮೇಲೆ ಕಾಯ್ತಿದ್ದಾರೆ" ಎಂದು ಹೇಳಿ ಕಳಿಸಿದ್ದ. ಇಬ್ಬರೂ ಬಂದರು. ಎದುರಾಳಿ ಬಾಯಿ ಬಿಡಲಿ ಎಂದು ಮುಖ ತಿರುಗಿಸಿಕೊಂಡು ಹೊತ್ತು ಮುಳುಗುವವರೆಗೆ ನಿಂತರು. ಅವನ ಮಾತನ್ನು ಎರಡು ಕೇರಿಯವರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಹಾಗಾಗಿ ಅವನ ಮೇಲೆ ಇಬ್ಬರಿಗೂ ಅನುಮಾನವಿರಲಿಲ್ಲ.

ಹೊರಡುವ ದಿನ ರೈತ ಅಕ್ಕನ ಮನೆಗೆ ಹೋದ. ಅವನ ಮನೆ ಮೇಲಿನ ಕೇರಿಯಲ್ಲಿ. ಅಕ್ಕನನ್ನು ಕೊಟ್ಟದ್ದು ಕೆಳಗಿನ ಕೇರಿಗೆ. ಹೋದ ವರ್ಷದ ಗಲಾಟೆಯಲ್ಲಿ ಭಾವನ ಕೈ ಮುರಿದಿತ್ತು. ಮುರಿದವರು ಮೇಲಿನ ಕೇರಿಯವರೇ.

"ಲೋ, ಎಲ್ಲಿಂದಾದರೂ ಏನಾದರೂ ತಗೊಂಡು ಬಾರೋ. ಹೋದ ವರ್ಷ ಕೈ ಹೋಯಿತು. ಈ ವರ್ಷ ನಿನ್ನ ಭಾವ ತಲೆ ಕೊಡೋಕೆ ಹೊರಟಿದ್ದಾರೆ" ಎಂದಳು ಅಕ್ಕ.

"ತಲೆ ಹೋದರೆ ಹೋಗಲಿ ಬಿಡಕ್ಕ, ಭಾವ ಅದನ್ನ ಅಷ್ಟಾಗಿ ಬಳಸಿದ್ದೇ ಇಲ್ಲ" ಎಂದ ರೈತ.

ಭಾವ ನಗಲಿಲ್ಲ. "ಕೆರೆ ಕೋಡಿ ಬೀಳೋದರೊಳಗೆ ಬಾ. ಬರಲಿಲ್ಲ ಅಂದರೆ ನಾನು ಎಡಗೈಯಲ್ಲಿ ದೊಣ್ಣೆ ಹಿಡಿಯೋದು ಕಲೀತೀನಿ" ಎಂದ. ಅವನು ಆಗಲೇ ಕಲಿಯುತ್ತಿದ್ದ. ಹಿತ್ತಿಲಿನ ಬಾಳೆಗಿಡಗಳು ಅದಕ್ಕೆ ಸಾಕ್ಷಿಯಾಗಿ ಮಲಗಿದ್ದವು.

ರೈತ ಹೊರಟ. ಬರೆದಿಟ್ಟುಕೊಳ್ಳಲು ಬಾರದವನು ಹೆಗಲ ಮೇಲಿನ ವಲ್ಲಿಯನ್ನೇ ಪುಸ್ತಕ ಮಾಡಿಕೊಂಡ. ಒಳ್ಳೆಯದು ಕಂಡ ಕಡೆ ಅದಕ್ಕೊಂದು ಗಂಟು ಹಾಕುವುದು. ಇನ್ನು, ಪರವೂರಿಗೆ ಹೋದವನು ಮೊದಲು ಆ ಊರು ಆಳುವವನ ಮನೆಯಲ್ಲಿ ಕಾಲು ತೊಳೆಯಬೇಕು ಎಂಬುದು ಅವನ ಊರಿನ ರೂಢಿ. ಅದನ್ನೂ ಬಿಡಲಿಲ್ಲ.

ಮೊದಲು ಸಿಕ್ಕಿದ್ದು ಅರಸನ ನಾಡು. ಅರಮನೆಯ ಅಧಿಕಾರಿ ಹೋಳಿಗೆ ಬಡಿಸಿದ. "ನಮ್ಮಲ್ಲಿ ಜಗಳ ಅನ್ನೋ ಮಾತೇ ಇಲ್ಲ. ಅರಸರು ಹೇಳ್ತಾರೆ, ಜನ ಮಾಡ್ತಾರೆ. ನನ್ನ ಅಪ್ಪನ ಕಾಲದಿಂದ ಒಂದೇ ಒಂದು ದೂರು ಬಂದಿಲ್ಲ" ಎಂದ. ಬೀದಿ ಗುಡಿಸಿದ ಹಾಗಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ರೈತನಿಗೆ ತನ್ನ ಊರಿನ ದೊಣ್ಣೆಗಳು ನೆನಪಾದವು. ಗಂಟು ಹಾಕಿದ.

ಎರಡನೆಯದು ಬಯಲಿನ ನಾಡು. ಅಲ್ಲಿ ಅರಸನಿಲ್ಲ. ಏನು ಆಗಬೇಕಿದ್ದರೂ ಜನರೆಲ್ಲ ಬಯಲಿನಲ್ಲಿ ಸೇರಿ ಕೈ ಎತ್ತಬೇಕು. ಹೆಚ್ಚು ಕೈ ಎತ್ತ ಬಿದ್ದವೋ ಅದೇ ಕಟ್ಟಳೆ. ಸಭೆ ನಡೆಸುವ ಹಿರಿಯ ಪಾಯಸ ಕೊಟ್ಟು, "ಇಲ್ಲಿ ಎಲ್ಲರೂ ಅರಸರೇ ಕಣಯ್ಯ" ಎಂದ. ಆ ದಿನ ಬಾವಿಯ ಹಗ್ಗದ ಮಾತು ಬಂದಿತ್ತು. ತೆಂಗಿನ ನಾರಿನದೋ ಕತ್ತಾಳೆ ನಾರಿನದೋ ಎಂದು ಬೆಳಗಿನಿಂದ ಮಾತಾಡಿದರು. ತೀರ್ಮಾನವಾಗುವ ಹೊತ್ತಿಗೆ ಹಳೆಯ ಹಗ್ಗ ಹರಿದು ಕೊಡ ಬಾವಿಗೆ ಬಿದ್ದಿತ್ತು. ಆದರೂ ಒಬ್ಬನೂ ಕೈ ಮುರಿದುಕೊಂಡಿರಲಿಲ್ಲ; ಎಲ್ಲರ ಕೈಯೂ ಮೇಲಿತ್ತು. ರೈತ ಇನ್ನೊಂದು ಗಂಟು ಹಾಕಿದ.

ಮೂರನೆಯದು ಪೇಟದ ನಾಡು. ಅಲ್ಲಿ ಕೆಂಪು ಪೇಟದವರು, ಹಳದಿ ಪೇಟದವರು ಎಂದು ಎರಡು ಪಕ್ಷ. ಐದು ವರ್ಷಕ್ಕೊಮ್ಮೆ ಜನ ಮತ ಹಾಕುತ್ತಾರೆ. ಗೆದ್ದ ಪೇಟದವರು ಐದು ವರ್ಷ ಆಳುತ್ತಾರೆ. ಆಗ ಕೆಂಪಿನ ಸರದಿ. ಕೆಂಪು ಪೇಟದ ಮುಖಂಡನ ಬಾಗಿಲವರೆಗೂ ದಾರಿ ಕನ್ನಡಿಯ ಹಾಗಿತ್ತು. ಅವನೂ ಹೋಳಿಗೆಯನ್ನೇ ಬಡಿಸಿದ. "ನಮ್ಮದೇನಿದೆ? ಜನ ಕೂರಿಸಿದರು, ಕೂತಿದ್ದೀವಿ. ಏಳು ಅಂದರೆ ಏಳ್ತೀವಿ" ಎಂದ. ರೈತನಿಗೆ ಇದು ಎಲ್ಲಕ್ಕಿಂತ ಹಿಡಿಸಿತು. ಎರಡು ಗಂಟು ಹಾಕಿದ.

ಹೋಳಿಗೆ ತಿಂದು ತಿಂದು ಅವನ ಸೊಂಟ ದಪ್ಪವಾಗಿತ್ತು. ಯಾವುದನ್ನು ಊರಿಗೆ ಒಯ್ಯುವುದು ಎಂಬುದು ಮಾತ್ರ ತಿಳಿಯಲಿಲ್ಲ. ಎಲ್ಲ ನಾಡಿನವರೂ ತಮ್ಮದೇ ಮೇಲು ಎಂದಿದ್ದರು. ಎಲ್ಲರೂ ನಿಜ ಹೇಳುವವರ ಹಾಗೆಯೇ ಕಂಡಿದ್ದರು.

ಹೊಳೆ ದಾಟಿ ನಾಲ್ಕನೆಯ ನಾಡಿಗೆ ಬಂದ. ಅದೂ ಅವನ ಊರಿನ ಹಾಗೆ ಕೆರೆಯ ನಾಡು. ಅವನು ಹೋದ ದಿನವೇ ತೂಬು ಎತ್ತಿದ್ದರು. ಆಳುವವನ ಮನೆ ಯಾವುದು ಎಂದು ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ? ತೂಬಿನ ಹತ್ತಿರ ನಿಂತು ಮೊದಲ ನೀರು ಯಾವ ಗದ್ದೆಗೆ ತಿರುಗಿತು ಎಂದು ನೋಡಿದ. ಆ ಗದ್ದೆಯ ಯಜಮಾನನ ಮನೆಗೆ ನೆಟ್ಟಗೆ ಹೋದ. ಅವನ ಊರಿನಲ್ಲಿ ಹುಟ್ಟಿದ ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು.

ಜಗುಲಿಯ ಮೇಲೆ ಒಬ್ಬ ಮನುಷ್ಯ ಗುದ್ದಲಿಗೆ ಕಾವು ಹಾಕುತ್ತಿದ್ದ. ರೈತ ಕೈ ಮುಗಿದು, "ಗೆದ್ದ ಯಜಮಾನರಿಗೆ ನಮಸ್ಕಾರ" ಎಂದ.

ಒಳಗಿನಿಂದ ಹೆಂಡತಿ ಬಂದವಳು ಬಾಗಿಲಿಗೆ ಒರಗಿ ನಕ್ಕಳು. "ಇವರು ಗೆದ್ದಿದ್ದು ಯಾವಾಗಣ್ಣ? ಯಜಮಾನಿಕೆಗೆ ಮೂರು ಸಲ ನಿಂತರು, ಮೂರು ಸಲ ಬಿದ್ದರು. ಇವರು ಗೆದ್ದುಕೊಂಡು ಬಂದದ್ದು ನನ್ನೊಬ್ಬಳನ್ನೇ. ಅದೂ ಎದುರಿಗೆ ಬೇರೆ ಯಾರೂ ನಿಂತಿರಲಿಲ್ಲ."

"ಮತ್ತೆ ಮೊದಲ ನೀರು?"

"ಸೋತವನಿಗೆ ಮೊದಲ ನೀರು" ಎಂದ ಆ ಮನುಷ್ಯ. "ಗೆದ್ದವನಿಗೆ ಕೊನೆಯ ನೀರು. ಅಗೋ, ದೂರದಲ್ಲಿ ತಾಳೆಮರ ಕಾಣುತ್ತಲ್ಲ, ಅದರ ಕೆಳಗಿನದು ಅವನ ಗದ್ದೆ. ಅಲ್ಲಿಗೆ ಹೋಗೋದು ಆರನೆಯ ದಿನ."

"ನಿಮ್ಮ ಯಜಮಾನರು ಅಷ್ಟು ಧರ್ಮಾತ್ಮರೋ?"

"ಎಲ್ಲಿಯ ಧರ್ಮಾತ್ಮ, ಮಹಾ ಜಿಪುಣ. ಅದಕ್ಕೇ ಈ ಕಟ್ಟಳೆ. ಅವನದು ಮೊದಲ ಗದ್ದೆಯಾದರೆ, ಅದು ತುಂಬಿದ ಕೂಡಲೇ ಊರೆಲ್ಲ ತುಂಬಿತು ಅಂತ ಅವನಿಗೆ ಅನ್ನಿಸಿಬಿಡುತ್ತೆ. ಕೊನೆಯದಾದರೆ ಎಲ್ಲರಿಗೂ ಮುಟ್ಟಿಸಿಯೇ ತನ್ನ ಗದ್ದೆಗೆ ಬರಬೇಕು. ಈಗ ನೋಡಿ, ಕಾಲುವೆಯಲ್ಲಿ ಒಂದು ಇಲಿಬಿಲ ಕಂಡರೂ ಓಡಿ ಹೋಗಿ ಮುಚ್ತಾನೆ."

"ಅದು ಸರಿ. ಸೋತವರಿಗೆ ಮೊದಲು ಯಾಕೆ?"

ಆ ಮನುಷ್ಯ ಗುದ್ದಲಿಯನ್ನು ನೆಲಕ್ಕೆ ಕುಟ್ಟಿ ಕಾವು ಬಿಗಿ ಮಾಡಿದ. "ಸೋತ ದಿನ ನನಗೂ ಊರು ಬಿಟ್ಟು ಹೋಗಿಬಿಡೋಣ ಅನ್ನಿಸಿತ್ತು. ನಾನು ಹೋದರೆ ಬರುವ ಸಲ ಅವನ ಎದುರು ನಿಲ್ಲೋರು ಯಾರು? ಎದುರು ನಿಲ್ಲೋರೇ ಇಲ್ಲದೆ ಹೋದರೆ ಅವನು ಅರಸನಾಗ್ತಾನೆ. ಗದ್ದೆಗೆ ನೀರು ಬಂದ ಮೇಲೆ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ, ಉಳುಮೆಗೆ ಇಳಿದೆ."

ಇಲ್ಲಿಗೆ ಗುರುಗಳು ಸೂಜಿಗೆ ಹೊಸ ದಾರ ಪೋಣಿಸಲು ನಿಲ್ಲಿಸಿದರು. ಶಿಷ್ಯ ಗಂಟಿನ ಮೇಲೆ ಮಗ್ಗುಲು ಬದಲಿಸಿದ. ಅವನಿಗೆ ಹಸಿವಾಗಿತ್ತು. ಹೊತ್ತು ನೆತ್ತಿಗೆ ಬಂದಿದ್ದರೂ ಊಟದ ಗಂಟೆ ಹೊಡೆದಿರಲಿಲ್ಲ. ಅಡುಗೆಮನೆ ಗೆದ್ದವನು ಮೊದಲ ದಿನವೇ ಎಡವಟ್ಟು ಮಾಡಿಕೊಂಡನಲ್ಲ ಎಂದು ಶಿಷ್ಯನಿಗೆ ಒಳಗೊಳಗೇ ಸಮಾಧಾನವಾಯಿತು. ಆ ಸಮಾಧಾನದಿಂದ ಹೊಟ್ಟೆ ಮಾತ್ರ ತುಂಬಲಿಲ್ಲ.

"ಆಮೇಲೆ?" ಎಂದ.

ಆ ಮನೆಯಲ್ಲಿ ಹೋಳಿಗೆ ಇರಲಿಲ್ಲ. ಮುದ್ದೆ, ಸೊಪ್ಪಿನ ಸಾರು. ಉಣ್ಣುತ್ತಾ ಉಣ್ಣುತ್ತಾ ರೈತನ ಕೈ ತಟ್ಟೆಯಲ್ಲೇ ನಿಂತಿತು. ಮೂರು ನಾಡಿನಲ್ಲೂ ತಾನು ಗೆದ್ದವರ ಮನೆಯ ಹೋಳಿಗೆ ಪಾಯಸ ತಿಂದೇ ಬಂದೆನಲ್ಲ ಎಂದು ಹೊಳೆಯಿತು. ಗೆದ್ದವನನ್ನು ಆಳ್ವಿಕೆ ಹೇಗಿದೆ ಎಂದು ಕೇಳುವುದೂ ಒಂದೇ, ಮದುಮಗನನ್ನು ಮದುವೆಯೂಟ ಹೇಗಿದೆ ಎಂದು ಕೇಳುವುದೂ ಒಂದೇ.

ಮರುದಿನ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟ. ಈ ಸಲ ಪ್ರತಿ ನಾಡಿನ ಬಾಗಿಲಲ್ಲೂ, "ಇಲ್ಲಿ ಸೋತವನ ಮನೆ ಯಾವುದು?" ಎಂದು ಕೇಳಿದ.

ಪೇಟದ ನಾಡಿನವರು ನಗುತ್ತಲೇ ತೋರಿಸಿದರು. ಕನ್ನಡಿಯಂಥ ದಾರಿ ಒಂದು ತಿರುವಿನಲ್ಲಿ ಚಾಕುವಿನಿಂದ ಕತ್ತರಿಸಿದ ಹಾಗೆ ನಿಂತಿತ್ತು. ಅಲ್ಲಿಂದ ಮುಂದೆ ಹಳದಿ ಪೇಟದವರ ಬೀದಿ. ಎಮ್ಮೆ ಮುಳುಗುವಷ್ಟು ಗುಂಡಿ. "ಇನ್ನೆರಡು ವರ್ಷ ತಡೀರಿ ಸ್ವಾಮಿ, ಈ ಗುಂಡಿಗಳನ್ನೆಲ್ಲ ಅವರ ಬೀದಿಗೆ ಕಳಿಸ್ತೀವಿ" ಎಂದ ಹಳದಿ ಪೇಟದವನು. ರೈತ ಎರಡು ಗಂಟುಗಳಲ್ಲಿ ಒಂದನ್ನು ಬಿಚ್ಚಿದ. ಇನ್ನೊಂದನ್ನು ಹಾಗೇ ಬಿಟ್ಟ. ಏನೇ ಅನ್ನಲಿ, ಗುಂಡಿಗಳಾದರೂ ಒಂದೇ ಕಡೆ ಇರದೆ ಜಾಗ ಬದಲಿಸುತ್ತಿದ್ದವು.

ಬಯಲಿನ ನಾಡಿನಲ್ಲಿ ಸೋತವರ ಮನೆಗಳು ಒಂಬತ್ತು. ಬಟ್ಟೆಗೆ ಬಣ್ಣ ಹಾಕುವವರ ಮನೆಗಳು. ಬಣ್ಣದ ತೊಟ್ಟಿಗೆ ನೀರು ಬೇಕೆಂದು ಅವರು ಪ್ರತಿ ವರ್ಷ ಕೇಳುತ್ತಿದ್ದರು. ಪ್ರತಿ ವರ್ಷವೂ ಬಯಲಿನಲ್ಲಿ ಒಂಬತ್ತು ನೀಲಿ ಕೈ ಏಳುತ್ತಿದ್ದವು. ಬೇಡವೆನ್ನುವ ಕೈಗಳು ಲೆಕ್ಕಕ್ಕೆ ಸಿಗದಷ್ಟು.

"ಮತ್ತೆ ಯಾಕೆ ಹೋಗಿ ಕೈ ಎತ್ತುತ್ತೀರಿ?" ಎಂದು ರೈತ ಕೇಳಿದ.

"ಹೋದ ಸಲ ಹತ್ತು ಕೈ ಎದ್ದಿತ್ತು ಕಣಣ್ಣ" ಎಂದ ಬಣ್ಣದವನು. ಹೇಳುವಾಗ ಅವನ ಮುಖ ಅರಳಿತು. "ಆ ಕಡೆಯ ಬೀದಿಯ ಒಬ್ಬ ಅಜ್ಜಿ. ಅವಳಿಗೆ ನೀಲಿ ಸೀರೆ ಬೇಕಂತೆ. ನಾವು ನೆಯ್ಗೆಯವರ ಹತ್ತಿರ ಹೇಳಿ ಸೀರೆ ನೇಯಿಸಿ, ಬಣ್ಣ ಹಾಕಿ ಕೊಟ್ಟಿದ್ದೀವಿ. ಉಟ್ಟುಕೊಂಡು ಅವಳು ಊರೆಲ್ಲ ಓಡಾಡ್ತಿದ್ದಾಳೆ."

ರೈತ ಆ ಗಂಟನ್ನು ಬಿಚ್ಚಲು ಹೋದವನು ಸಡಿಲ ಮಾಡಿ ಸುಮ್ಮನಾದ.

ಅರಸನ ನಾಡಿನಲ್ಲಿ, "ಸೋತವನ ಮನೆ ಯಾವುದು?" ಎಂದು ಕೇಳಿದ್ದೇ ತಡ, ಬೀದಿಯೇ ಖಾಲಿಯಾಯಿತು. ಕೊನೆಗೆ ಒಬ್ಬ ಮುದುಕಿ ಅವನ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ಒರಳಿಗೆ ಭತ್ತ ಸುರಿದು ಕುಟ್ಟಲು ಶುರು ಮಾಡಿದಳು. ಒನಕೆ ಬೀಳುವ ಸದ್ದಿನ ಮರೆಯಲ್ಲಿ ಮಾತಾಡಿದಳು.

"ಇಲ್ಲಿ ಸೋತವರು ಯಾರೂ ಇಲ್ಲ ಮಗಾ. ಸೋಲಬೇಕಾದರೆ ಮೊದಲು ಎದುರು ನಿಲ್ಲಬೇಕಲ್ಲ. ಒಬ್ಬ ನಿಂತಿದ್ದ. ಅವನ ಮನೆ ಅಗೋ." ಕಿಟಕಿಯಿಂದ ತೋರಿಸಿದಳು. ಅಲ್ಲಿ ಮನೆ ಇರಲಿಲ್ಲ. ಒಂದು ಹೊಸ್ತಿಲು ಮಾತ್ರ ಇತ್ತು.

"ಒಂದು ದೂರೂ ಬಂದಿಲ್ಲ ಅಂದರಲ್ಲ ಅಧಿಕಾರಿಗಳು?"

"ಒಂದು ದೂರಿಗೆ ಎರಡು ಸೇರು ಭತ್ತ ಕುಟ್ಟಬೇಕು. ಇದು ನನ್ನ ಈ ವರ್ಷದ ದೂರು, ಮುಗೀತು" ಎಂದು ಮುದುಕಿ ಒನಕೆ ನಿಲ್ಲಿಸಿದಳು. ಆಮೇಲೆ ಅವಳು ಮಳೆಯ ಮಾತು ಮಾತ್ರ ಆಡಿದಳು.

ಆ ಗಂಟನ್ನು ರೈತ ಪೂರ್ತಿ ಬಿಚ್ಚಿದ.

ಅವನು ಊರು ಸೇರುವ ಹೊತ್ತಿಗೆ ಕೆರೆ ಕೋಡಿಗೆ ಒಂದು ಗೇಣು ಕಡಿಮೆ ಇತ್ತು. ಏರಿಯ ಒಂದು ತುದಿಯಲ್ಲಿ ಮೇಲಿನ ಕೇರಿ, ಇನ್ನೊಂದು ತುದಿಯಲ್ಲಿ ಕೆಳಗಿನ ಕೇರಿ. ಎರಡೂ ಕಡೆ ದೊಣ್ಣೆ. ಭಾವ ಎಡಗೈಯಲ್ಲಿ ಹಿಡಿದುಕೊಂಡಿದ್ದ, ಹಿಡಿತ ಪಳಗಿತ್ತು.

"ಯಾವ ನಾಡಿನದು ಮೇಲು ಅಂತ ಹೇಳಿಬಿಡು" ಎಂದ ಮೇಲಿನ ಕೇರಿಯ ಯಜಮಾನ.

"ಎಲ್ಲ ನಾಡಿನಲ್ಲೂ ಗೆದ್ದವನು ಸುಖವಾಗಿದ್ದಾನೆ. ಅದಕ್ಕೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಸೋತವನೂ ಸುಖವಾಗಿರೋ ನಾಡು ಒಂದೇ ಒಂದು ಸಿಕ್ಕಿತು" ಎಂದು ರೈತ ಹೊಳೆಯಾಚೆಯ ಕಟ್ಟಳೆ ಹೇಳಿದ. ಎಲ್ಲರೂ ಕೈ ಎತ್ತಿ ನೀರುಗಂಟಿಯನ್ನು ಆರಿಸುವುದು. ಗೆದ್ದವನ ಗದ್ದೆಗೆ ಕೊನೆಯ ನೀರು, ಸೋತವನ ಗದ್ದೆಗೆ ಮೊದಲ ನೀರು.

ಯಜಮಾನರಿಬ್ಬರೂ ತಮ್ಮ ತಮ್ಮ ಗದ್ದೆಯ ಕಡೆ ನೋಡಿದರು.

"ನನಗೂ ವಯಸ್ಸಾಯಿತು" ಎಂದ ಮೇಲಿನ ಕೇರಿಯ ಯಜಮಾನ. "ಬೇರೆ ಯಾರಾದರೂ ನಿಲ್ಲಲಿ."

"ನನಗೆ ಮೊದಲಿನಿಂದಲೂ ಮಂಡಿನೋವು" ಎಂದ ಕೆಳಗಿನ ಕೇರಿಯವನು.

ಹಿಂದಿನಿಂದ ಒಬ್ಬ ಮುದುಕ, "ಹಾಗಾದರೆ ನಾನು ನಿಲ್ತೀನಿ, ಸೋಲೋಕೆ" ಎಂದ. ಅವನ ಹಿಂದೆಯೇ ಇನ್ನೊಬ್ಬ ಎದ್ದ. ನಾನೂ, ನಾನೂ ಎಂದು ನೋಡನೋಡುತ್ತ ಅರ್ಧ ಊರು ಸೋಲಲು ನಿಂತಿತು.

"ಸುಮ್ಮನೆ ಸೋತವರಿಗೆಲ್ಲ ಇಲ್ಲ" ಎಂದ ರೈತ. "ಗೆದ್ದವನ ಬೆನ್ನಿಗೇ ಬಂದು ಸೋತವನಿಗೆ ಮಾತ್ರ. ಕೈ ತುಂಬಾ ಬೀಳಬೇಕು. ಆದರೆ ಹುಷಾರು, ಒಂದು ಹೆಚ್ಚಾದರೂ ಗೆದ್ದು ಹಾಳಾಗ್ತೀರಿ."

ಮೊದಲು ನಕ್ಕವಳು ಅವನ ಅಕ್ಕ. ಆಮೇಲೆ ಎರಡು ತುದಿಯವರೂ ನಕ್ಕರು. ಆ ಊರು ಒಂದೇ ಮಾತಿಗೆ ಒಟ್ಟಿಗೆ ನಕ್ಕು ಮೂರು ವರ್ಷವಾಗಿತ್ತು. ಯಜಮಾನರಿಬ್ಬರೂ ನಗುತ್ತಿದ್ದವರು ಒಬ್ಬರನ್ನೊಬ್ಬರು ನೋಡಿ ಮುಖ ತಿರುಗಿಸಿಕೊಂಡರು. ಆದರೂ ಹೆಗಲು ಅಲುಗುವುದು ಕಾಣುತ್ತಿತ್ತು.

ಎಲ್ಲರೂ ಕೆರೆಯ ನೀರು ಮುಟ್ಟಿ ಕಟ್ಟಳೆಗೆ ಒಪ್ಪಿದರು. ಕೇರಿಗಳು ತಮ್ಮ ತಮ್ಮ ಯಜಮಾನನನ್ನೇ ಮುಂದೆ ದೂಡಿದವು. ಕೈ ಎಣಿಸಿದರು. ಮೇಲಿನ ಕೇರಿಯ ಯಜಮಾನ ನಾಲ್ಕು ಕೈಯಿಂದ ಗೆದ್ದ.

ಅವನು ಹೋಗಿ ತೂಬಿನ ಹತ್ತಿರ ನಿಂತ. ಅವನ ಎಡಕ್ಕೆ ತನ್ನ ಗದ್ದೆ, ಬಲಕ್ಕೆ ಕೆಳಗಿನ ಕೇರಿಯ ಯಜಮಾನನ ಗದ್ದೆ. ಎರಡು ವರ್ಷದ ಹಿಂದೆ ಅದೇ ಎದುರಾಳಿ ಇದೇ ಜಾಗದಲ್ಲಿ ನಿಂತು ಇವನ ಪೈರು ಒಣಗಿಸಿದ್ದ. ಅದು ಎಲ್ಲರಿಗೂ ಗೊತ್ತಿತ್ತು. ನಗು ನಿಂತಿತು. ಕೆಳಗಿನ ಕೇರಿಯವರು ದೊಣ್ಣೆ ನೆಲಕ್ಕೆ ಹಾಕಿದ್ದರೂ ಕಾಲಿನಿಂದ ದೂರ ಹಾಕಿರಲಿಲ್ಲ. ಭಾವ ಬಗ್ಗಿ ತನ್ನದನ್ನು ಎತ್ತಿಕೊಂಡ. ಯಜಮಾನ ತೂಬಿನ ಮೇಲೆ ಕೈಯಿಟ್ಟು ಅಲುಗದೆ ನಿಂತೇ ಇದ್ದ.

ಆಗ ರೈತ ಮೆಲ್ಲಗೆ ಹೇಳಿದ: "ಯಜಮಾನರೇ, ನೀವು ಯೋಚನೆ ಮಾಡಿದಷ್ಟು ಹೊತ್ತೂ ನಿಮ್ಮ ಗದ್ದೆಗೇ ತಡ."

ಯಜಮಾನ ಅವನ ಕಡೆ ಒಂದು ಸಲ ನೋಡಿದ. ಬೈಯಲು ಬಾಯಿ ತೆರೆದ. ಬೈಯುವ ಬದಲು ತೂಬು ಎತ್ತಿದ. ಕಾಲುವೆಗೆ ಇಳಿದು ನೀರನ್ನು ಬಲಕ್ಕೆ ತಿರುಗಿಸಿದ.

ನೀರು ಸೋತವನ ಗದ್ದೆಗೆ ಹೋಯಿತು. ಅಲ್ಲಿಂದ ಅವನ ಪಕ್ಕದವನಿಗೆ, ಆಮೇಲೆ ಮೇಲಿನ ಕೇರಿಗೆ, ಕೆಳಗಿನ ಕೇರಿಗೆ. ಗೆದ್ದ ಯಜಮಾನ ಐದು ದಿನ ಕಾಲುವೆಯ ಮೇಲೆಯೇ ಓಡಾಡಿದ. ಸೋರುವ ಕಡೆಯೆಲ್ಲ ಮಣ್ಣು ಮೆತ್ತಿದ. ಅವನು ಅಷ್ಟು ಬಗ್ಗಿದ್ದನ್ನು ಊರು ಕಂಡಿರಲಿಲ್ಲ. ಆರನೆಯ ದಿನ ಅವನ ಗದ್ದೆಯ ಸರದಿ ಬಂತು. ಆ ಹೊತ್ತಿಗೆ ಕಾಲುವೆ ಹೂಳು ತುಂಬಿ ನೀರು ಬೆರಳ ಗಾತ್ರಕ್ಕೆ ಇಳಿದಿತ್ತು. ಅವನು ಒಬ್ಬನೇ ಹೂಳು ತೆಗೆಯುತ್ತಿದ್ದ.

ಎದುರಿನಿಂದ ಗುದ್ದಲಿಯ ಸದ್ದು ಕೇಳಿತು. ಕೆಳಗಿನ ಕೇರಿಯ ಯಜಮಾನ. ಯಾರೂ ಹೇಳಿ ಕಳಿಸಿರಲಿಲ್ಲ. ಮಂಡಿನೋವಿನವನು ಮಂಡಿಯವರೆಗೆ ಕೆಸರಿನಲ್ಲಿ ನಿಂತಿದ್ದ. ಅವನ ಹಿಂದೆ ರೈತನ ಭಾವ, ದೊಣ್ಣೆಗೆ ಗುದ್ದಲಿ ಸಿಕ್ಕಿಸಿಕೊಂಡು ಬಂದಿದ್ದ.

"ನಿನ್ನ ಮೇಲೆ ಪ್ರೀತಿಯಿಂದ ಬಂದೆ ಅಂದುಕೋಬೇಡ" ಎಂದ ಕೆಳಗಿನ ಕೇರಿಯವನು. "ನಿನ್ನ ಗದ್ದೆ ಒಣಗಿದರೆ ಬರುವ ವರ್ಷ ನೀನೂ ನಿಲ್ಲಲ್ಲ, ನಾನೂ ನಿಲ್ಲಲ್ಲ. ಆಮೇಲೆ ಆ ತಲೆಹರಟೆಯನ್ನೇ ನೀರುಗಂಟಿ ಮಾಡಬೇಕಾಗುತ್ತೆ."

ಸಂಜೆಯೊಳಗೆ ಕೊನೆಯ ಗದ್ದೆಗೂ ನೀರು ಹತ್ತಿತು. ರೈತ ವಲ್ಲಿ ಬಿಡಿಸಿ ಮುಖ ಒರೆಸಿಕೊಂಡ.

ಗುರುಗಳು ಹೊಲಿಗೆ ಮುಗಿಸಿ ದಾರವನ್ನು ಹಲ್ಲಿನಿಂದ ಕಡಿದರು.

ಶಿಷ್ಯ ಎದ್ದು ನಿಂತ. ಕತೆ ಅವನಿಗೆ ಹಿಡಿಸಿತ್ತು. ಮೂರು ಬೀಜದ ಸಿಟ್ಟು ಮಾತ್ರ ಇಳಿದಿರಲಿಲ್ಲ. "ಅಂದರೆ ಹೊಳೆಯಾಚೆಯ ನಾಡೇ ಮೇಲು ಅಂತಾಯಿತು. ದಾರಿ ಹೇಳಿ, ಹೊರಡ್ತೀನಿ. ಇಲ್ಲಿಯ ಆಳ್ವಿಕೆ ನೀವೇ ನೋಡ್ತಿದ್ದೀರಲ್ಲ, ಹೊತ್ತು ನೆತ್ತಿ ದಾಟಿತು, ಊಟದ ಗಂಟೆ ಹೊಡೆಯೋಕೂ ಆಗಿಲ್ಲ ಅವನಿಗೆ" ಎಂದ.

ಗುರುಗಳು ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೇಳಿದರು: "ಅನ್ನ ಬೆಂದು ಬಹಳ ಹೊತ್ತಾಯಿತಪ್ಪ, ಮೊದಲ ಎಲೆಗೆ ನೀನು ಬಂದಿಲ್ಲವೆಂದು ಅವನು ಗಂಟೆ ಮುಟ್ಟಿಲ್ಲ."